719 ಕೊಲೆ, ಒಂದು ರುಮಾಲು: ಥಗ್ಗರ ಕತೆ ನಮಗೆ ಹೇಳಿದ್ದು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಕೇಳುವ ಬದಲು ಓದಲು ಇಷ್ಟಪಡುವವರಿಗಾಗಿ.)

ಇಯರ್‌ಫೋನ್ ಹಾಕ್ಕೊಂಡ್ರಾ? ಬಸ್ಸಲ್ಲಿದ್ದೀರಾ, ಮೆಟ್ರೋದಲ್ಲಿದ್ದೀರಾ, ಇಲ್ಲಾ ರಾತ್ರಿ ಲೈಟ್ ಆಫ್ ಮಾಡಿ ಮಲಗಿದ್ದೀರಾ? ಬಸ್ಸಲ್ಲಿದ್ರೆ ಪಕ್ಕದ ಸೀಟಲ್ಲಿ ಯಾರಿದ್ದಾರೆ ಅಂತ ಒಂದ್ಸಲ ನೋಡ್ಕೊಳ್ಳಿ. ಯಾಕೆ ಅಂತ ಆಮೇಲೆ ಗೊತ್ತಾಗತ್ತೆ.

ಮೊದಲು ಒಂದು ಮೀಮ್. ಇದನ್ನ ನೀವೆಲ್ಲಾ ನೋಡಿರ್ತೀರಿ. ಒಬ್ಬ ಅಜ್ಜಿ ಯಾರಿಗೋ ಖಡಕ್ಕಾಗಿ ಉತ್ತರ ಕೊಡ್ತಾರೆ. ತಕ್ಷಣ ವಿಡಿಯೋ ನಿಲ್ಲತ್ತೆ, ಮೇಲಿಂದ ಕಪ್ಪು ಕನ್ನಡಕ ಇಳಿದು ಬಂದು ಅಜ್ಜಿ ಕಣ್ಣ ಮೇಲೆ ಕೂರತ್ತೆ, ಬಾಯಲ್ಲಿ ಒಂದು ಸಿಗಾರ್, ಹಿಂದೆ ಒಂದು ರ‍್ಯಾಪ್ ಹಾಡು. ಕೆಳಗೆ ದೊಡ್ಡ ಅಕ್ಷರ: 'ಥಗ್ ಲೈಫ್'. ಈ 'ಥಗ್' ಅನ್ನೋ ಪದ ಅಮೆರಿಕದ್ದು ಅಂತ ನಾನೂ ಬಹಳ ದಿನ ಅಂದ್ಕೊಂಡಿದ್ದೆ. ಅಲ್ಲ, ಅದು ಇಲ್ಲಿಂದಲೇ ಹೋಗಿದ್ದು. ಹಿಂದಿಯ 'ಠಗ್', ನಮ್ಮ ಕನ್ನಡದ 'ಠಕ್ಕ', ಎರಡೂ ಒಂದೇ ಬೇರಿನ ಪದಗಳು. ಚಿಕ್ಕವರಿದ್ದಾಗ 'ಠಕ್ಕ ನರಿ' ಕತೆ ಕೇಳಿದ್ದೀವಲ್ಲ, ಅದೇ ಠಕ್ಕ.

ಈ ಠಕ್ಕ ಹಡಗು ಹತ್ತಿ ಲಂಡನ್ನಿಗೆ ಹೋಗಿ, ಇಂಗ್ಲಿಷ್ ಡಿಕ್ಷನರಿ ಸೇರಿ, ಹಾಲಿವುಡ್ಡಿಗೆ ಹೋಗಿ, ಕೊನೆಗೆ ಕಪ್ಪು ಕನ್ನಡಕ ಹಾಕ್ಕೊಂಡು ನಮ್ಮ ಫೋನಿಗೇ ವಾಪಸ್ ಬಂದಿದ್ದಾನೆ. ಅವನ ಈ ಪ್ರಯಾಣದ ಹಿಂದೆ ನಿಜವಾದ ಕೊಲೆಗಳಿವೆ, ಒಂದು ಪುರಾಣದ ಕತೆ ಇದೆ, ಒಂದು ಕಾದಂಬರಿ ಇದೆ. ಆ ಕಾದಂಬರಿಕಾರನಿಗೂ ನಮ್ಮ ಸುರಪುರಕ್ಕೂ ಗಟ್ಟಿ ನಂಟಿದೆ. ಕೊನೆಯಲ್ಲಿ ನಾನೊಂದು ಕ್ಷಮೆಯನ್ನೂ ಕೇಳೋದಿದೆ. ಹಾಗಾಗಿ ಅರ್ಧಕ್ಕೆ ಬಿಟ್ಟು ಹೋಗಬೇಡಿ.

ಕೋರ್ಟಿನಿಂದ 400 ಗಜ

1822ರಿಂದ 1824. ನರ್ಮದಾ ತೀರದ ನರಸಿಂಗಪುರ, ಈಗಿನ ಮಧ್ಯಪ್ರದೇಶ. ವಿಲಿಯಂ ಸ್ಲೀಮನ್ ಅನ್ನೋ ಕಂಪನಿ ಅಧಿಕಾರಿ ಆ ಜಿಲ್ಲೆಯ ಉಸ್ತುವಾರಿ ನೋಡ್ಕೊಳ್ತಿದ್ದ. ಬಹಳ ಚುರುಕಿನ ಮನುಷ್ಯ. ತನ್ನ ಜಿಲ್ಲೆಯಲ್ಲಿ ಒಂದು ಸಣ್ಣ ಕಳ್ಳತನ ಆದರೂ ತನಗೆ ಗೊತ್ತಾಗತ್ತೆ ಅನ್ನೋ ಭರವಸೆ ಅವನಿಗಿತ್ತು.

ಕೆಲವು ವರ್ಷ ಆದಮೇಲೆ ಅವನಿಗೆ ತಿಳಿದ ಸುದ್ದಿ ಏನು ಗೊತ್ತಾ? ಅವನು ಕೂತು ನ್ಯಾಯ ಹೇಳ್ತಿದ್ದ ಕಚೇರಿಯಿಂದ 400 ಗಜವೂ ದೂರವಿಲ್ಲದ ಕುಂದೇಲಿ ಅನ್ನೋ ಹಳ್ಳಿಯಲ್ಲಿ ಕೊಲೆಗಾರರ ಒಂದು ಗುಂಪು ಸಂಸಾರ ಸಮೇತ ವಾಸ ಮಾಡ್ತಿತ್ತು. ಅಲ್ಲಿಂದ ಒಂದು ದಿನದ ದಾರಿಯಲ್ಲಿ ಮಂಡೇಸುರದ ತೋಪುಗಳು. ನೆರಳಿದೆ, ನೀರಿದೆ, ದಾರಿಹೋಕರು ಬುತ್ತಿ ಬಿಚ್ಚೋ ಜಾಗ. ಆ ನೆರಳಿನ ಕೆಳಗೆ, ಮಣ್ಣಿನಲ್ಲಿ, ಹೆಣಗಳು. ಅಲ್ಲಿ ಕೂತು ಊಟ ಮಾಡಿದವರಿಗೆ ಅದು ಗೊತ್ತಿರಲಿಲ್ಲ. ಜಿಲ್ಲೆಯ ದೊರೆಗೂ ಗೊತ್ತಿರಲಿಲ್ಲ.

ಥಗ್ಗರು ಹೇಗೆ ಕೆಲಸ ಮಾಡ್ತಿದ್ದರು? ಕತ್ತಿ ಹಿಡಿದು ದಾರಿ ಅಡ್ಡಗಟ್ಟೋರಲ್ಲ ಇವರು. ರೈಲಿಲ್ಲದ ಕಾಲ ಅದು. ಜನ ಕಾಲ್ನಡಿಗೆಯಲ್ಲಿ, ಎತ್ತಿನ ಮೇಲೆ, ಕುದುರೆ ಮೇಲೆ ವಾರಗಟ್ಟಲೆ ಪ್ರಯಾಣ ಮಾಡ್ತಿದ್ದರು. ರಜೆಯಲ್ಲಿ ಊರಿಗೆ ಹೊರಟ ಸಿಪಾಯಿ, ಹಣ ಒಯ್ಯೋ ಸಾಹುಕಾರನ ಆಳು, ಯಾತ್ರೆಗೆ ಹೊರಟ ಕುಟುಂಬ. ದಾರಿಯಲ್ಲಿ ಒಬ್ಬ ಒಳ್ಳೆ ಮಾತುಗಾರ ಜೊತೆಯಾಗ್ತಾನೆ. "ಮುಂದೆ ಕಳ್ಳರ ಕಾಟ ಜಾಸ್ತಿ ಇದೆ, ಒಟ್ಟಿಗೆ ಹೋಗೋಣ" ಅಂತಾನೆ. ಎರಡು ದಿನ, ನಾಲ್ಕು ದಿನ, ಒಟ್ಟಿಗೆ ನಡೀತಾರೆ, ಅಡುಗೆ ಮಾಡ್ತಾರೆ, ಹಾಡು ಹೇಳ್ತಾರೆ. ಅಷ್ಟರಲ್ಲಿ ಕೆಲವರು ಮುಂದೆ ಹೋಗಿ ಗುಂಡಿ ತೋಡಿ ಇಟ್ಟಿರ್ತಾರೆ. ಒಂದು ಸಂಜೆ ಎಲ್ಲರೂ ಆರಾಮಾಗಿ ಕೂತಿದ್ದಾಗ ನಾಯಕ ಯಾರಿಗೋ "ತಂಬಾಕು ತಗೊಂಡು ಬಾ" ಅಂತಾನೆ. ಅದು ಸನ್ನೆ. ಹಿಂದೆ ಕೂತವನ ಕೈಯಲ್ಲಿ ರುಮಾಲು ಇರತ್ತೆ. ಒಬ್ಬ ಕೈ ಹಿಡೀತಾನೆ, ಒಬ್ಬ ಕಾಲು ಹಿಡೀತಾನೆ. ಅಷ್ಟೇ.

ಕನ್ನಡದಲ್ಲಿ 'ನಂಬಿಸಿ ಕತ್ತು ಕೊಯ್ದ' ಅಂತ ಮಾತಿದೆ. ಇಲ್ಲಿ ಕೊಯ್ಯೋದೂ ಇಲ್ಲ, ರಕ್ತವೂ ಇಲ್ಲ. ಸದ್ದೂ ಇಲ್ಲ.

ನಮ್ಮ ಭಾಗದಲ್ಲೂ ಇವರಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಬೆಂಗಳೂರಿನ ಸುತ್ತಮುತ್ತ ಸುಮಾರು 100 ಜನರನ್ನ ಹಿಡಿದರು ಅಂತ ದಾಖಲೆ ಇದೆ. ದಕ್ಷಿಣದಲ್ಲಿ ಇವರಿಗೆ ಫಾಂಸಿಗಾರರು ಅನ್ನೋ ಹೆಸರು. ಮದ್ರಾಸ್ ಕಡೆಯ ಡಾಕ್ಟರ್ ರಿಚರ್ಡ್ ಶೆರ್ವುಡ್ 1816ರಲ್ಲಿ ಇವರ ಮೇಲೆ ಒಂದು ಲೇಖನ ಬರೆದ. ಅದರಲ್ಲಿ ಒಂದು ಕನ್ನಡ ಹೆಸರನ್ನೂ ಬರೆದಿಟ್ಟಿದ್ದಾನೆ: 'ತಂತಿ ಕಳ್ಳರು'. ಅಂದರೆ ತಂತಿ ಅಥವಾ ನರದ ಕುಣಿಕೆ ಹಾಕೋ ಕಳ್ಳರು. ಹೆಸರಿತ್ತು ಅಂದಮೇಲೆ ನಮ್ಮ ಜನರ ಬಾಯಲ್ಲಿ ಆ ಭಯವೂ ಇತ್ತು ಅಂತಾಯ್ತಲ್ಲ.

ರಕ್ತಬೀಜನ ಇನ್ನೊಂದು ಕತೆ

ಇದು ಅಪರಾಧದ ಭಾಗ. ಈಗ ದಂತಕತೆಗೆ ಬರೋಣ.

ಕರಾವಳಿಯವರಿಗೆ ರಕ್ತಬೀಜ ಯಾರು ಅಂತ ಹೇಳಬೇಕಾಗಿಲ್ಲ. ಶ್ರೀದೇವಿ ಮಹಾತ್ಮೆ ಯಕ್ಷಗಾನದಲ್ಲಿ ರಕ್ತಬೀಜನ ಪ್ರವೇಶಕ್ಕೆ ಅಂತಲೇ ನಿದ್ದೆಗಟ್ಟು ಕಾಯೋರಿದ್ದಾರೆ. ಅವನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದರೂ ಅಲ್ಲೊಬ್ಬ ಹೊಸ ರಾಕ್ಷಸ ಎದ್ದು ನಿಲ್ತಾನೆ. ಕೊನೆಗೆ ಕಾಳಿ ನಾಲಗೆ ಚಾಚಿ, ರಕ್ತ ನೆಲ ಮುಟ್ಟದ ಹಾಗೆ ಕುಡೀತಾಳೆ. ನಮಗೆ ಗೊತ್ತಿರೋ ಕತೆ ಇದು.

ಥಗ್ಗರು ಹೇಳ್ತಿದ್ದ ಕತೆಯಲ್ಲಿ ತಿರುವು ಬೇರೆ. ಹೋರಾಡಿ ದಣಿದ ದೇವಿ ತನ್ನ ತೋಳಿನ ಬೆವರಿನಿಂದ ಇಬ್ಬರು ಗಂಡಸರನ್ನ ಸೃಷ್ಟಿ ಮಾಡ್ತಾಳೆ. ಇಬ್ಬರ ಕೈಗೂ ಒಂದೊಂದು ಬಟ್ಟೆ ತುಂಡು ಕೊಡ್ತಾಳೆ. ರಕ್ತ ಬೀಳಬಾರದಲ್ಲ, ಅದಕ್ಕೆ ಕತ್ತು ಬಿಗಿದು ಕೊಲ್ಲಿ ಅಂತಾಳೆ. ಕೆಲಸ ಮುಗಿದಮೇಲೆ ಬಟ್ಟೆ ವಾಪಸ್ ಕೊಡೋಕೆ ಹೋದರೆ "ಇಟ್ಕೊಳ್ಳಿ, ಇದೇ ನಿಮ್ಮ ಜೀವನೋಪಾಯ" ಅಂತಾಳೆ. ಆ ರುಮಾಲಿನ ಮೂಲ ಇದು ಅಂತ ಅವರ ನಂಬಿಕೆ.

ಇನ್ನೊಂದು ಕತೆಯೂ ಇದೆ. ಮೊದಲೆಲ್ಲಾ ಹೆಣಗಳನ್ನ ದೇವಿಯೇ ಮಾಯ ಮಾಡ್ತಿದ್ದಳಂತೆ. ಷರತ್ತು ಒಂದೇ: ಹಿಂದೆ ತಿರುಗಿ ನೋಡಬಾರದು. ಒಬ್ಬ ಹೊಸಬ ತಿರುಗಿ ನೋಡಿಬಿಟ್ಟ. ದೇವಿ ಸಿಟ್ಟಾಗಿ "ಇನ್ಮುಂದೆ ನೀವೇ ಹೂತುಕೊಳ್ಳಿ" ಅಂತ ಹೇಳಿ ತನ್ನ ಹಲ್ಲಿನಿಂದ ಒಂದು ಗುದ್ದಲಿ ಕೊಟ್ಟಳು. 'ತಿರುಗಿ ನೋಡಬೇಡ' ಅನ್ನೋ ಷರತ್ತು ನಿಮಗೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಕೊಲ್ಲೂರಿನ ಸ್ಥಳಪುರಾಣದಲ್ಲಿ ಶಂಕರಾಚಾರ್ಯರಿಗೆ ದೇವಿ ಹಾಕಿದ್ದೂ ಇದೇ ಷರತ್ತು. ಜನಪದ ಕತೆಗಳ ಕೆಲಸವೇ ಹೀಗೆ. ಒಂದೇ ಎಳೆ ಒಂದು ಕಡೆ ದೇವಸ್ಥಾನ ಕಟ್ಟತ್ತೆ, ಇನ್ನೊಂದು ಕಡೆ ಕೊಲೆಗೆ ನೆಪ ಆಗತ್ತೆ.

ಗಮನಿಸಿ, ಥಗ್ಗರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಭವಾನಿಗೆ ಇಬ್ಬರೂ ಕೈ ಮುಗೀತಿದ್ದರು, ಬೆಲ್ಲದ ಪ್ರಸಾದ ಇಬ್ಬರೂ ತಿಂತಿದ್ದರು. ಆ ಬೆಲ್ಲ ತಿಂದವನು ಥಗ್ ಆಗದೆ ಇರಲಾರ ಅಂತ ಫಿರಂಗಿಯಾ ಅನ್ನೋ ನಾಯಕ ಸ್ಲೀಮನ್ ಮುಂದೆ ಹೇಳಿದ್ದ.

ಕೊಲೆಗಾರನೇ ಕತೆ ಹೇಳಿದರೆ

ಈಗ ಕಾದಂಬರಿ. ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದವನು. 15ನೇ ವಯಸ್ಸಿಗೆ ಮುಂಬೈಗೆ ಬಂದ. ಆಮೇಲೆ ಹೈದರಾಬಾದ್ ನಿಜಾಮನ ಸೇನೆ ಸೇರಿದ. ಹಿಂಗೋಲಿಯಲ್ಲಿ ಇದ್ದಾಗ ಹಿಡಿದು ತಂದ ಥಗ್ಗರ ಹೇಳಿಕೆಗಳನ್ನ ಕಿವಿಯಾರೆ ಕೇಳಿದ. 1832ರಲ್ಲಿ ಅವನಿಗೆ ಸಿಕ್ಕವನು ಅಮೀರ್ ಅಲಿ ಅನ್ನೋ ಥಗ್, ತಾನು 719 ಕೊಲೆಗಳಲ್ಲಿ ಇದ್ದೆ ಅಂದವನು. 12 ವರ್ಷ ಜೈಲಲ್ಲಿ ಕಳೀದೆ ಇದ್ದಿದ್ದರೆ 1000 ಮುಟ್ಟಿಸ್ತಿದ್ದೆ ಅಂತ ಬೇರೆ ಅವನ ಅಂಬೋಣ.

1839ರಲ್ಲಿ ಟೇಲರ್‌ನ 'ಕನ್ಫೆಶನ್ಸ್ ಆಫ್ ಎ ಥಗ್' ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಥಗ್ಗನ ತಪ್ಪೊಪ್ಪಿಗೆ. ಪುಸ್ತಕ ಬಿಸಿ ದೋಸೆ ತರ ಖರ್ಚಾಯ್ತು. ರಾಣಿ ವಿಕ್ಟೋರಿಯಾ ಪೂರ್ತಿ ಪುಸ್ತಕ ಬರೋವರೆಗೆ ಕಾಯೋಕಾಗದೆ ಅಚ್ಚಿನ ಕರಡು ಹಾಳೆಗಳನ್ನೇ ತರಿಸಿ ಓದಿದಳು ಅಂತ ಹೇಳ್ತಾರೆ.

ಹಾರರ್ ಬರೆಯೋ ಆಸೆ ಇರೋರು ಇದನ್ನ ಒಂದು ಪಾಠದ ಹಾಗೆ ಓದಬೇಕು. ಇಲ್ಲಿ ದೆವ್ವ ಇಲ್ಲ, ಪಾಳು ಬಂಗಲೆ ಇಲ್ಲ. ಒಬ್ಬ ಕೈದಿ ಕೂತಿದ್ದಾನೆ, ಒಬ್ಬ ಸಾಹೇಬ ಕೇಳ್ತಿದ್ದಾನೆ. ಅಮೀರ್ ಅಲಿಯೇ 'ನಾನು, ನಾನು' ಅಂತ ಕತೆ ಹೇಳ್ತಾನೆ. ಒಳ್ಳೆ ಮಾತುಗಾರ, ನೋಡೋಕೆ ಚಂದ, ನಡತೆಯಲ್ಲಿ ದೊಡ್ಡ ಮನೆತನದವನ ಹಾಗೆ. ನೂರು ಪುಟ ಆಗೋಷ್ಟರಲ್ಲಿ ನಿಮಗೆ ಅವನು ಇಷ್ಟ ಆಗಿರ್ತಾನೆ. ಅವನ ಮದುವೆ ಆದಾಗ ಖುಷಿ ಆಗತ್ತೆ, ಸಿಕ್ಕಿಬೀಳೋ ಹಾಗಾದಾಗ ಎದೆ ಹೊಡ್ಕೊಳ್ಳತ್ತೆ. ಆಮೇಲೆ ಒಂದು ಸಂಜೆ, ಎಲ್ಲರೂ ಆರಾಮಾಗಿ ಕೂತಿದ್ದಾಗ, ಅವನು ರುಮಾಲು ತೆಗೀತಾನೆ. ಆಗ ಹೊಳೆಯತ್ತೆ: ಇಷ್ಟು ಹೊತ್ತು ಅವನ ಜೊತೆ ನಡೆದು ಬಂದ ದಾರಿಹೋಕ ಬೇರೆ ಯಾರೂ ಅಲ್ಲ, ಓದ್ತಾ ಇರೋ ನಾನು!

ಈಗ ಒಂದು ಸ್ಪಾಯ್ಲರ್. ಬೇಡ ಅನ್ನೋರು ಹತ್ತು ಸೆಕೆಂಡ್ ಮುಂದೆ ಹೋಗಿ. ಅಮೀರ್ ಅಲಿ ಹುಟ್ಟಾ ಥಗ್ ಅಲ್ಲ. ಅವನು ಮಗುವಾಗಿದ್ದಾಗ ಅವನ ತಂದೆ ತಾಯಿಯನ್ನ ಥಗ್ಗರೇ ಕೊಂದಿರ್ತಾರೆ. ಅದೇ ಗುಂಪಿನ ಇಸ್ಮಾಯಿಲ್ ಅವನನ್ನ ಮಗನ ಹಾಗೆ ಸಾಕ್ತಾನೆ. ಎಷ್ಟೋ ವರ್ಷ ಆದಮೇಲೆ ಅವನಿಗೆ ತಿಳಿಯತ್ತೆ, ತಾನು ಕೈಯಾರೆ ಕೊಂದ ಒಬ್ಬ ಹೆಣ್ಣುಮಗಳು ತನ್ನ ಸ್ವಂತ ತಂಗಿ ಅಂತ.

ಈ ಟೇಲರ್ ಮುಂದೆ 1841ರಲ್ಲಿ ಸುರಪುರಕ್ಕೆ ಬಂದ. ಈಗಿನ ಯಾದಗಿರಿ ಜಿಲ್ಲೆ. ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡ್ಕೊಂಡ. ಆ ರಾಜ ಇವನನ್ನ 'ಅಪ್ಪಾ' ಅಂತ ಕರೀತಿದ್ದ. ಅವನು ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಸುರಪುರದ ಗುಡ್ಡದ ಮೇಲೆ ಇವತ್ತಿಗೂ ಇದೆ. ಆ ಕಡೆಯವರಾದರೆ ನೀವು ಅದರ ಮುಂದೆ ಸೆಲ್ಫಿಯನ್ನೂ ತಗೊಂಡಿರಬಹುದು. ಸುರಪುರದ ಸುತ್ತ ಸಾವಿರಾರು ವರ್ಷ ಹಳೇ ಕಲ್ಗೋರಿಗಳನ್ನ ಅಗೆಸಿ ಬರೆದಿಟ್ಟವನೂ ಇವನೇ. ಒಟ್ಟಿನಲ್ಲಿ ಕೆಟ್ಟ ಮನುಷ್ಯ ಅಲ್ಲ. ಅದಕ್ಕೇ ಮುಂದಿನ ಮಾತು ಹೇಳೋದು ಕಷ್ಟ.

ಎಷ್ಟು ನಿಜ?

719 ಅನ್ನೋ ಲೆಕ್ಕ ಎಲ್ಲಿಂದ ಬಂತು? ಕೈದಿಯ ಬಾಯಿಂದ. ಆ ಕೈದಿ ಯಾಕೆ ಬಾಯಿ ಬಿಟ್ಟ? ಇಲ್ಲಿದೆ ವಿಷಯ.

ಸ್ಲೀಮನ್‌ನ ಇಡೀ ಕಾರ್ಯಾಚರಣೆ ನಿಂತಿದ್ದು 'ಅಪ್ರೂವರ್'ಗಳ ಮೇಲೆ. ಅಂದರೆ ಮಾಫಿ ಸಾಕ್ಷಿಗಳು. ನೀನು ಬಾಯಿ ಬಿಟ್ಟು, ಜೊತೆಗಾರರ ಹೆಸರು ಹೇಳಿ, ಹೆಣ ಹೂತ ಜಾಗ ತೋರಿಸಿದರೆ ನಿನಗೆ ನೇಣಿಲ್ಲ. ಫಿರಂಗಿಯಾ ಹಾಗೆ ಬಾಯಿ ಬಿಟ್ಟವನು. ಅವನು ತೋರಿಸಿದ ಕಡೆ ಅಗೆದರೆ ನಿಜವಾಗಿ ಹೆಣಗಳು ಸಿಕ್ಕವು. ಹಾಗಾಗಿ ಇದೆಲ್ಲಾ ಬ್ರಿಟಿಷರ ಕಟ್ಟುಕತೆ ಅಂತ ತಳ್ಳಿಹಾಕೋಕೆ ಆಗಲ್ಲ.

ಆದರೆ ಯೋಚನೆ ಮಾಡಿ. ಹೆಚ್ಚು ಹೆಸರು ಹೇಳಿದಷ್ಟೂ ಜೀವ ಉಳಿಯತ್ತೆ ಅಂದರೆ ಮನುಷ್ಯ ಎಷ್ಟು ಹೆಸರು ಹೇಳ್ತಾನೆ? ಸಾಹೇಬನಿಗೆ ಯಾವ ಕತೆ ಇಷ್ಟ ಅಂತ ಗೊತ್ತಾದ ಮೇಲೆ ಎಂಥ ಕತೆ ಹೇಳ್ತಾನೆ? ಅವಧ್‌ನ ಬೆಹ್ರಾಮ್ ಅನ್ನೋನ ಹೆಸರು ಗೂಗಲ್ ಮಾಡಿ. 931 ಜನರನ್ನ ಕೊಂದ ಜಗತ್ತಿನ ಅತಿ ದೊಡ್ಡ ಸರಣಿ ಕೊಲೆಗಾರ ಅಂತ ಹತ್ತಾರು ವಿಡಿಯೋ ಬರತ್ತೆ. ಆದರೆ 931 ಅನ್ನೋದು ಅವನು ಗುಂಪಿನ ಜೊತೆ ಇದ್ದ ಕೊಲೆಗಳ ಲೆಕ್ಕ. ತನ್ನ ಕೈಯಾರೆ ಮಾಡಿದ್ದು 125ರ ಹತ್ತಿರ ಇರಬಹುದು ಅಂತ ಅವನೇ ಹೇಳಿದ್ದ. 125 ಏನು ಕಡಿಮೆನಾ ಅಂತ ಕೇಳಬೇಡಿ, ಭಯಂಕರವೇ. ಆದರೆ 931 ಕೊಟ್ಟರೆ ಥಂಬ್‌ನೇಲ್ ಚೆನ್ನಾಗಿ ಕಾಣತ್ತೆ, ಅಲ್ವಾ?

ಕಿಮ್ ವ್ಯಾಗ್ನರ್ ತರದ ಇತಿಹಾಸಕಾರರು ಹೇಳೋದು ಇಷ್ಟು: ಥಗ್ಗರು ಇದ್ದರು, ಕೊಲೆಗಳು ನಡೆದವು. ಆದರೆ ದೇಶ ಪೂರ್ತಿ ಹಬ್ಬಿದ, ಕಾಳಿಗೆ ಬಲಿ ಕೊಡೋದಕ್ಕೇ ಹುಟ್ಟಿದ ಒಂದು ಗುಪ್ತ ಪಂಥ ಅನ್ನೋದು ಬೆಳೆಸಿದ ಕತೆ. ಕೆಲಸ ಕಳ್ಕೊಂಡ ಸಿಪಾಯಿಗಳು, ಲೂಟಿಯಲ್ಲಿ ಪಾಲು ತಗೊಳ್ತಿದ್ದ ಜಮೀನ್ದಾರರು, ಹೊಟ್ಟೆಪಾಡಿನ ದರೋಡೆ, ಇವೆಲ್ಲಾ ಆ ಕತೆಯಿಂದ ಹೊರಗೆ ಉಳಿದವು.

ಕತೆ ಕಾನೂನಾದಾಗ

ಕತೆ ಬೆಳೆದರೆ ಏನೀಗ, ಮನರಂಜನೆ ತಾನೇ ಅನ್ನಬಹುದು. ಆದರೆ ಇದು ಅಲ್ಲಿಗೆ ನಿಲ್ಲಲಿಲ್ಲ.

1836ರಲ್ಲಿ ಒಂದು ಕಾಯ್ದೆ ಬಂತು, ಆ ವರ್ಷದ 30ನೇ ಕಾಯ್ದೆ. ಥಗ್ಗರ ಗುಂಪಿಗೆ ಸೇರಿದ್ದ ಅಂತ ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಶಿಕ್ಷೆ. ಯಾವ ಕೊಲೆ, ಯಾವಾಗ, ಯಾರನ್ನ ಅಂತ ತೋರಿಸಬೇಕಾಗಿಲ್ಲ. ಥಗ್ ಅಂದರೆ ಯಾರು ಅನ್ನೋ ವ್ಯಾಖ್ಯಾನವೂ ಅದರಲ್ಲಿಲ್ಲ. 1831ರಿಂದ 1837ರವರೆಗೆ ಹಿಡಿದವರು 3,266 ಜನ ಅಂತ ಪ್ರಚಲಿತ ಲೆಕ್ಕ. ಅವರಲ್ಲಿ 412 ಜನಕ್ಕೆ ನೇಣು, 483 ಜನ ಸಾಕ್ಷಿಗಳಾದರು, ಉಳಿದವರಿಗೆ ಗಡೀಪಾರು ಇಲ್ಲಾ ಜೈಲು. ಜಬಲ್ಪುರದಲ್ಲಿ ಮಾಫಿ ಸಾಕ್ಷಿಗಳು ಕೂತು ಡೇರೆ ಬಟ್ಟೆ, ಕಾರ್ಪೆಟ್ ನೇಯ್ತಿದ್ದರು.

ಆಮೇಲೆ ಬಂದದ್ದು 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. ಬಡಗಿಯ ಮಗ ಬಡಗಿ ಆಗೋ ಹಾಗೆ ಅಪರಾಧಿಯ ಮಗ ಅಪರಾಧಿ ಆಗ್ತಾನೆ ಅನ್ನೋ ತರ್ಕ ಅದರದ್ದು. ಆ ತರ್ಕಕ್ಕೆ ಉದಾಹರಣೆಯಾಗಿ ಒದಗಿದ್ದು ಥಗ್ಗರ ಕತೆ. ಇಡೀ ಇಡೀ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ದಿನಾ ಹಾಜರಿ. ಊರು ಬಿಟ್ಟು ಹೋಗೋಕೆ ಪಾಸು. ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಸೆಟ್ಲ್‌ಮೆಂಟ್‌ಗಳು. ಹುಬ್ಬಳ್ಳಿಯಲ್ಲಿ ಆ ಹೆಸರು ಇನ್ನೂ ಇದೆ. ಎಷ್ಟೋ ಜನ ಅದು ಬರೀ ಒಂದು ಬಡಾವಣೆ ಹೆಸರು ಅಂತ ತಿಳ್ಕೊಂಡಿದ್ದಾರೆ. 1952ರ ಆಗಸ್ಟ್ 31ಕ್ಕೆ ಈ ಸಮುದಾಯಗಳನ್ನ ಆ ಪಟ್ಟಿಯಿಂದ ಬಿಡುಗಡೆ ಮಾಡಿದರು. ಅದಕ್ಕೇ 'ವಿಮುಕ್ತ' ಅನ್ನೋ ಹೆಸರು. ಬೇರೆಯವರಿಗೆಲ್ಲಾ 1947ರಲ್ಲಿ ಸ್ವಾತಂತ್ರ್ಯ ಬಂತು, ಇವರಿಗೆ ಐದು ವರ್ಷ ತಡವಾಗಿ.

ನನ್ನ ಕ್ಷಮೆ ಇಲ್ಲಿದೆ. ಕೆಲವು ತಿಂಗಳ ಹಿಂದೆ ಒಂದು ಹಳೇ ಹೆದ್ದಾರಿ ದರೋಡೆಯ ಕತೆ ಹೇಳಿದ್ದೆ. ಅದರಲ್ಲಿ ಒಂದು ಸಮುದಾಯದ ಹೆಸರು ಹೇಳಿ "ಇವರ ಕುಲಕಸುಬೇ ಕಳ್ಳತನ" ಅಂದುಬಿಟ್ಟೆ. ಹಳೇ ಗೆಜೆಟಿಯರಿನಲ್ಲಿ ಹಾಗೇ ಇತ್ತು, ಓದಿದೆ, ಹೇಳಿದೆ. ಹಿಂದೆ ಭಯ ಹುಟ್ಟಿಸೋ ಮ್ಯೂಸಿಕ್ ಬೇರೆ ಹಾಕಿದ್ದೆ. ಒಬ್ಬ ಕೇಳುಗರು, ಇಂಜಿನಿಯರಿಂಗ್ ಓದ್ತಿರೋ ಹುಡುಗಿ, ಮೆಸೇಜ್ ಹಾಕಿದರು. ಬೈದಿರಲಿಲ್ಲ. "ಅಣ್ಣಾ, ನಿಮ್ಮ ಎಲ್ಲಾ ಎಪಿಸೋಡೂ ಕೇಳ್ತೀನಿ. ನಮ್ಮ ಮುತ್ತಜ್ಜ ದಿನಾ ಹಾಜರಿ ಹಾಕೋಕೆ ಹೋಗ್ತಿದ್ದರಂತೆ. ಏನೂ ಕದ್ದಿರಲಿಲ್ಲ. ಹಾಸ್ಟೆಲಿನಲ್ಲಿ ನಿಮ್ಮ ಎಪಿಸೋಡನ್ನ ಸ್ಪೀಕರಲ್ಲಿ ಹಾಕಿದ್ವಿ. ಅದಾದಮೇಲೆ ರೂಮಲ್ಲಿ ಯಾರದ್ದಾದರೂ ಏನಾದರೂ ಕಳೆದರೆ ನಂಗೆ ಎದೆ ಢವ ಢವ ಅನ್ನತ್ತೆ."

ಎಷ್ಟೋ ದೆವ್ವದ ಕತೆ ಹೇಳಿದ್ದೀನಿ. ಯಾವ ಕತೆಯೂ ನನ್ನನ್ನ ಆ ಮೆಸೇಜಿನಷ್ಟು ಹೆದರಿಸಿಲ್ಲ. ಆ ಸಾಲನ್ನ ಎಪಿಸೋಡಿನಿಂದ ತೆಗೆದಿದ್ದೀವಿ. ಅವರಿಗೆ ಆಗಲೇ ಉತ್ತರ ಕೊಟ್ಟೆ. ಈಗ ಎಲ್ಲರ ಮುಂದೆ ಹೇಳ್ತೀನಿ: ತಪ್ಪಾಯ್ತಮ್ಮಾ.

ಹಾಗಾದರೆ ಇಂಥ ಕತೆ ಬರೀಲೇಬಾರದಾ?

ಬರೀಬೇಕು. ಆ ತೋಪಿನ ಕೆಳಗೆ ಹೂತುಹೋದ ದಾರಿಹೋಕರಿಗೂ ಒಂದು ಕತೆ ಬೇಕಲ್ಲ. ರಜೆಯಲ್ಲಿ ಊರಿಗೆ ಹೊರಟ ಸಿಪಾಯಿ ಬರಲೇ ಇಲ್ಲ. ಮನೆಯವರು ಏನಂದ್ಕೊಂಡಿರಬೇಕು? ಹುಲಿ ತಿಂತಾ? ಬೇರೆ ಸಂಸಾರ ಮಾಡ್ಕೊಂಡನಾ? ಎಷ್ಟು ವರ್ಷ ಬಾಗಿಲು ನೋಡ್ತಾ ಕೂತಿದ್ದರು? ಈ ಕತೆಯನ್ನ ಟೇಲರ್ ಬರೀಲಿಲ್ಲ. ಅವನಾದಮೇಲೆ ಬಂದವರೂ ಕೊಲೆಗಾರನ ಹಿಂದೆಯೇ ಹೋದರು. 1984ರ ಇಂಡಿಯಾನಾ ಜೋನ್ಸ್ ಸಿನಿಮಾದಲ್ಲಿ ನಮ್ಮ ಅಮ್ರೀಶ್ ಪುರಿ ಕೊಂಬಿನ ಕಿರೀಟ ಹಾಕ್ಕೊಂಡು ಬದುಕಿದ್ದವನ ಎದೆಯಿಂದ ಹೃದಯ ಕೀಳ್ತಾರೆ. ಯಾವ ಥಗ್ಗನೂ ಹಾಗೆ ಮಾಡಿದ್ದಿಲ್ಲ, ರಕ್ತ ಚೆಲ್ಲದೆ ಇರೋದೇ ಅವರ ಪದ್ಧತಿ ಆಗಿತ್ತಲ್ಲ. ಸಿನಿಮಾ ಚಿತ್ರೀಕರಣಕ್ಕೆ ಭಾರತದಲ್ಲಿ ಅನುಮತಿ ಸಿಗದೆ ಶ್ರೀಲಂಕಾದಲ್ಲಿ ತೆಗೆದರು. 2018ರಲ್ಲಿ 'ಥಗ್ಸ್ ಆಫ್ ಹಿಂದೊಸ್ತಾನ್' ಬಂತು. ಅದರ ಬಗ್ಗೆ ನಾನು ಹೆಚ್ಚು ಮಾತಾಡಲ್ಲ, ದುಡ್ಡು ಕೊಟ್ಟು ನೋಡಿದವರಿಗೆ ಈಗಾಗಲೇ ಬೇಜಾರಾಗಿದೆ.

ನೀವು ಹಳೇ ಅಪರಾಧದ ಮೇಲೆ ಕತೆ ಬರೀತಿದ್ದೀರಿ, ರೀಲ್ಸ್ ಮಾಡ್ತಿದ್ದೀರಿ ಅಂದ್ಕೊಳ್ಳಿ. ನಾನು ಈಗ ಮೂರು ಪ್ರಶ್ನೆ ಕೇಳ್ಕೊಳ್ಳೋ ಅಭ್ಯಾಸ ಮಾಡ್ಕೊಂಡಿದ್ದೀನಿ. ಈ ಮಾತನ್ನ ಮೊದಲು ಹೇಳಿದವನು ಯಾರು, ಹೇಳಿದ್ದರಿಂದ ಅವನಿಗೆ ಏನು ಸಿಕ್ತು? ಈ ಅಂಕಿ ಅವನು ಮಾಡಿದ್ದರದ್ದಾ, ನೋಡಿದ್ದರದ್ದಾ? ನಾನು ಹೇಳೋ ಹೆಸರಿನವರು ಇವತ್ತಿಗೂ ಯಾವುದಾದರೂ ಹಾಸ್ಟೆಲಿನಲ್ಲಿ ಕೂತು ಇದನ್ನ ಕೇಳ್ತಿರಬಹುದಾ? ಮೂರನೇದಕ್ಕೆ ಉತ್ತರ ಸಾಮಾನ್ಯವಾಗಿ 'ಹೌದು'.

ಇದರಿಂದ ಕತೆಯ ಭಯ ಕಡಿಮೆ ಆಗಲ್ಲ, ಜಾಸ್ತಿ ಆಗತ್ತೆ. ಯಾವುದೋ ಜಾತಿಯವನು, ಯಾವುದೋ ಕಾಡಿನವನು ಕೊಲೆಗಾರ ಅಂದರೆ ನಾವು ಬಾಗಿಲು ಹಾಕ್ಕೊಂಡು ಆರಾಮಾಗಿ ಮಲಗಬಹುದು. ಥಗ್ಗನ ನಿಜವಾದ ಭಯ ಅದಲ್ಲ. ಅವನು ಒಳ್ಳೆ ಮಾತಾಡ್ತಾನೆ, ನಿಮ್ಮ ಬುತ್ತಿ ಹಂಚ್ಕೊಳ್ತಾನೆ, ನಿಮ್ಮ ಮಕ್ಕಳ ಹೆಸರು ಕೇಳ್ತಾನೆ. ಅವನಿಗೆ ಊರಿದೆ, ಮನೆಯಿದೆ, ಅದೂ ಕೋರ್ಟಿನಿಂದ 400 ಗಜದೊಳಗೆ.

ಬಸ್ಸಲ್ಲಿರೋರು ಪಕ್ಕದ ಸೀಟಿನವರನ್ನ ಈಗ ಇನ್ನೊಂದ್ಸಲ ನೋಡಬಹುದು. ಹೆದರಬೇಡಿ, ಬಹುಶಃ ಅವರೂ ಪಾಡ್‌ಕಾಸ್ಟ್ ಕೇಳ್ತಿದ್ದಾರೆ. ಆದರೂ ಇಳಿಯೋ ಸ್ಟಾಪ್ ಬಂತಾ ನೋಡ್ಕೊಳ್ಳಿ.

ನಿಮ್ಮ ಊರಿನ ದಾರಿಯ ಬಗ್ಗೆ, ತೋಪಿನ ಬಗ್ಗೆ, ಹಳೇ ಛತ್ರದ ಬಗ್ಗೆ ಅಜ್ಜಿ ತಾತ ಹೇಳಿದ ಕತೆ ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಮೂರು ಪ್ರಶ್ನೆ ಕೇಳಿಯೇ ಹಾಕ್ತೀವಿ. ಮುಂದಿನ ವಾರ ಸಿಗೋಣ. ನಮಸ್ಕಾರ.